ಒಂದು ಬಾಟಲಿ ನೀರು, ಹಿತ್ತಲ ತುಂಬ ಹೂವು

ಹೋದ ವರ್ಷ ವೈಶಾಖದಲ್ಲಿ ನಮ್ಮ ಹಿತ್ತಲಲ್ಲಿ ಬಿಟ್ಟಷ್ಟು ಹೂವು ನಾನು ಮದುವೆಯಾಗಿ ಚಳ್ಳಕೆರೆಗೆ ಬಂದ ಮೇಲೆ ಯಾವತ್ತೂ ಬಿಟ್ಟಿರಲಿಲ್ಲ. ಅದೇ ವೈಶಾಖದಲ್ಲಿ ನಮ್ಮ ಯಜಮಾನರು ತೀರಿಹೋದರು. ಎರಡನ್ನೂ ಒಟ್ಟಿಗೆ ಹೇಳಬೇಡ, ಹೂವು ಏನು ಮಾಡಿತು ಪಾಪ ಎಂದು ನನಗೆ ಬುದ್ಧಿ ಹೇಳಿದವರಿದ್ದಾರೆ. ಹೂವು ಏನೂ ಮಾಡಲಿಲ್ಲ, ಅಷ್ಟು ನನಗೂ ಗೊತ್ತು. ಆದರೆ ಒಳಗೆ ಒಬ್ಬ ಮನುಷ್ಯ ಒಂದು ಗುಟುಕು ನೀರಿಗೆ ಬಾಯಿಬಾಯಿ ಬಿಡುತ್ತಿರುವಾಗ ಹೊರಗೆ ಗಿಡಗಳು ಕಂಠಪೂರ್ತಿ ಕುಡಿದು ಮೆರೆಯುವುದನ್ನು ನೋಡಿಕೊಂಡಿರಬೇಕಾಗಿ ಬಂದವಳು ನಾನು. ನನಗೆ ಹೊಟ್ಟೆ ಉರಿಯಿತು. ಅದನ್ನು ಮುಚ್ಚಿಟ್ಟು ಯಾರಿಗೆ ಒಳ್ಳೆಯವಳು ಅನ್ನಿಸಿಕೊಳ್ಳಬೇಕು.

ನಮ್ಮದು ಮಳೆಯ ಸೀಮೆಯಲ್ಲ. ನಲ್ಲಿಯಲ್ಲಿ ನೀರು ಬಿಡುವ ದಿನ ಡ್ರಮ್ಮು, ಕೊಡ, ಬಕೀಟು, ಕೊನೆಗೆ ಇಡ್ಲಿ ಪಾತ್ರೆಯನ್ನೂ ತುಂಬಿಸಿಟ್ಟುಕೊಳ್ಳುವ ಜನ ನಾವು. ಅಕ್ಕಿ ತೊಳೆದ ನೀರು ಕರಿಬೇವಿಗೆ, ಪಾತ್ರೆ ಬೆಳಗಿದ್ದು ಬಾಳೆಗೆ, ಕೈಕಾಲು ತೊಳೆದದ್ದು ಕನಕಾಂಬರಕ್ಕೆ. ಹೀಗೆ ಎಂಜಲು ನೀರಿನಲ್ಲೇ ಯಜಮಾನರು ಹಿತ್ತಲು ಮಾಡಿದ್ದರು. ಅವರು ಚಳ್ಳಕೆರೆಯಿಂದ ಮೊಳಕಾಲ್ಮುರು ಮೇಲೆ ದೇವಸಮುದ್ರಕ್ಕೆ ಹೋಗಿ ಬರುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಬಸ್ಸು ಎಲ್ಲಿ ನಿಲ್ಲುತ್ತದೋ ಅಲ್ಲಿ ಇಳಿದು ಹತ್ತಿರದ ಮನೆಯಲ್ಲಿ ಒಂದು ಚೊಂಬು ನೀರು ಕೇಳಿ ಕುಡಿಯುವುದು, ಅಂಗಳದಲ್ಲಿ ಕಂಡ ಗಿಡದ ಒಂದು ಕಡ್ಡಿ ಕೇಳಿ ಮುರಿದುಕೊಳ್ಳುವುದು ಅವರ ರೂಢಿ. ಟಿಕೆಟ್ ಚೀಲದಲ್ಲಿ ಒದ್ದೆ ಬಟ್ಟೆ ಸುತ್ತಿದ ಕಡ್ಡಿ ಯಾವಾಗಲೂ ಇರುತ್ತಿತ್ತು. ಸಿದ್ದಾಪುರದ ನಂದಿಬಟ್ಟಲು, ದೇವಸಮುದ್ರದ ಕಾಕಡ, ರಾಂಪುರದ ಕಡೆಯಿಂದ ಬಂದ ಸುಗಂಧರಾಜದ ಗೆಡ್ಡೆ. ನೀರು ಕೊಟ್ಟ ಮನೆಗಳೆಲ್ಲ ನಮ್ಮ ಹಿತ್ತಲಲ್ಲಿ ಒಂದೊಂದು ಗಿಡವಾಗಿ ಇದ್ದವು.

ಅವರಿಗೆ ಎಲ್ಲಕ್ಕಿಂತ ಹೆಚ್ಚು ದುಂಡುಮಲ್ಲಿಗೆ. ಅದಕ್ಕೆ ಅವರದೇ ಒಂದು ಕ್ರಮ ಇತ್ತು. ಶಿವರಾತ್ರಿ ಕಳೆದ ಮೇಲೆ ಗಿಡವನ್ನು ಮೊಳಕಾಲೆತ್ತರಕ್ಕೆ ಕತ್ತರಿಸಿ, ಉಳಿದ ಎಲೆಯನ್ನೂ ಕೈಯಲ್ಲಿ ಸವರಿ ಕಿತ್ತುಹಾಕಿ, ನೀರು ನಿಲ್ಲಿಸಿಬಿಡುತ್ತಿದ್ದರು. ಬುಡದ ಮಣ್ಣು ಬಿರಿಯುವವರೆಗೂ ಒಂದು ಹನಿ ಇಲ್ಲ. ನೋಡಿದವರು ಗಿಡ ಸತ್ತಿತು ಅನ್ನಬೇಕು, ಹಾಗೆ. ಆಮೇಲೆ ಒಂದು ದಿನ ಬುಡದಲ್ಲಿ ಪಾತಿ ಮಾಡಿ, ಗೊಬ್ಬರ ಹಾಕಿ, ಕೊಡಗಟ್ಟಲೆ ನೀರು ಸುರಿಯುವುದು. ಹದಿನೈದು ಇಪ್ಪತ್ತು ದಿನಕ್ಕೆ ಎಲೆಗಿಂತ ಮೊಗ್ಗೇ ಹೆಚ್ಚು. ಮಲ್ಲಿಗೆಗೆ ಬಾಯಾರಿಸಬೇಕು, ಬಾಯಾರದೆ ಅದು ಹೂ ಕೊಡಲ್ಲ ಎನ್ನುತ್ತಿದ್ದರು. ನನಗೆ ಆ ಒಣಗಿದ ಕಡ್ಡಿ ನೋಡುವುದಕ್ಕೆ ಆಗುತ್ತಿರಲಿಲ್ಲ. ಅವರು ಡ್ಯೂಟಿಗೆ ಹೋದಾಗ ಕದ್ದು ಒಂದು ಚೊಂಬು ಹಾಕಿ ಬೈಸಿಕೊಂಡಿದ್ದೂ ಉಂಟು.

ತೀರಿಹೋಗುವುದಕ್ಕೆ ಎರಡು ವರ್ಷ ಮೊದಲು ಅವರ ಎರಡೂ ಕಿಡ್ನಿ ಕೈಕೊಟ್ಟವು. ಸಕ್ಕರೆ ಕಾಯಿಲೆ ಮೊದಲೇ ಇತ್ತು, ಗಮನ ಕೊಡಲಿಲ್ಲ, ಅದು ಬೇರೆ ಕಥೆ. ವಾರಕ್ಕೆ ಎರಡು ಸಲ ಮಿಷನ್ನಿಗೆ ಹಾಕಿ ರಕ್ತ ತೊಳೆಸಬೇಕು, ಒಂದು ಸಲ ತಪ್ಪಿದರೂ ಕಷ್ಟ ಎಂದರು. ಅದಕ್ಕೂ ಒಗ್ಗಿಕೊಂಡೆವು. ಒಗ್ಗದೆ ಇದ್ದದ್ದು ನೀರಿನ ವಿಷಯ. ಉಚ್ಚೆ ಹೋಗುವುದೇ ನಿಂತ ಮೇಲೆ ಕುಡಿದ ನೀರು ಮೈಯಲ್ಲೇ ಉಳಿಯುತ್ತದೆ, ಕಾಲಿಗೆ, ಹೊಟ್ಟೆಗೆ, ಆಮೇಲೆ ಶ್ವಾಸಕೋಶಕ್ಕೆ ತುಂಬಿಕೊಳ್ಳುತ್ತದೆ ಎಂದು ಡಾಕ್ಟರು ಮೇಜಿನ ಮೇಲಿದ್ದ ಸಣ್ಣ ಬಾಟಲಿ ತೋರಿಸಿ, ದಿನಕ್ಕೆ ಇಷ್ಟೇ, ಟೀ ಮಜ್ಜಿಗೆ ಸಾರು ಎಲ್ಲಾ ಸೇರಿ ಎಂದರು. ಊರೂರಿನ ನೀರು ಕುಡಿದು ಬೆಳೆದ ಮನುಷ್ಯ ಆ ಬಾಟಲಿಯನ್ನೇ ನೋಡುತ್ತಾ ಕೂತರು.

ಅವತ್ತಿನಿಂದ ನಮ್ಮ ಮನೆಯ ನೀರಿನ ಕಾವಲು ನನ್ನದಾಯಿತು. ಬೆಳಿಗ್ಗೆ ಬಾಟಲಿ ತುಂಬಿಸುವುದು, ಟೀಗೆ ಅದರಿಂದಲೇ ಬಗ್ಗಿಸುವುದು, ಮಾತ್ರೆಗೆ ಅದರಿಂದಲೇ ಎರಡು ಗುಟುಕು. ನೀರು ಸಾರಿನಲ್ಲಿ ಮುದ್ದೆ ಅದ್ದಿ ಸರ್ರನೆ ನುಂಗುವ ಮನುಷ್ಯನಿಗೆ ಗಟ್ಟಿ ಚಟ್ನಿ ಬಡಿಸಿದೆ. ಬಾಯಿ ಒಣಗಿದರೆ ನಿಂಬೆಹೋಳು ಚೀಪಿರಿ ಎಂದೆ. ಬಾಯಿ ಮುಕ್ಕಳಿಸುತ್ತೇನೆ ಎಂದು ಹೋದರೆ ಹಿಂದೆಯೇ ಹೋಗಿ ಉಗುಳಿದರಾ ಎಂದು ನೋಡಿದೆ. ಮಕ್ಕಳಿಲ್ಲದ ಮನೆ, ಇರುವವರು ಇಬ್ಬರು. ಅದರಲ್ಲಿ ಒಬ್ಬಳು ಪೊಲೀಸು, ಒಬ್ಬರು ಕಳ್ಳ. ನನ್ನ ಬಾಯಿ ಮೊದಲೇ ಜೋರು, ಆ ಎರಡು ವರ್ಷದಲ್ಲಿ ಇನ್ನೂ ಜೋರಾಯಿತು. ಅವರು ಮಾತ್ರ ನಗುತ್ತಲೇ ಇರುತ್ತಿದ್ದರು. ಒಮ್ಮೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, "ಬಾಯಾರಿಸು, ಬಾಯಾರಿಸು. ವೈಶಾಖಕ್ಕೆ ನಾನೂ ಹೂ ಬಿಡ್ತೀನೇನೋ ನೋಡಾಣ" ಅಂದರು. ನಾನು ನಗಲಿಲ್ಲ. ಬಚ್ಚಲಿಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತು ಬಂದೆ.

ಹೋದ ವರ್ಷ ಮಳೆ ಬಂತು. ಯುಗಾದಿ ಮುಗಿಯುತ್ತಿದ್ದಂತೆ ಹಿಡಿದದ್ದು ಭರಣಿ ಮಳೆಗೂ ಬಿಡಲಿಲ್ಲ, ಕೃತ್ತಿಕೆಗೂ ಬಿಡಲಿಲ್ಲ. ನಮ್ಮ ಕಡೆ ಆ ಕಾಲದಲ್ಲಿ ಒಂದು ಹದ ಮಳೆ ಬಿದ್ದರೆ ಜನ ಆಕಾಶಕ್ಕೆ ಕೈಮುಗಿಯುತ್ತಾರೆ. ಹೋದ ವರ್ಷ ದಿನ ಬಿಟ್ಟು ದಿನ ಸಂಜೆ ಕವಿದುಕೊಂಡು ಬಂದು ಸುರಿಯಿತು. ತಗಡಿನ ಮೇಲೆ ನೀರು, ಚರಂಡಿಯಲ್ಲಿ ನೀರು, ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು. ಊರೆಲ್ಲ ಖುಷಿಯಾಗಿತ್ತು. ಅವರು ಕಿಟಕಿ ಹತ್ತಿರ ಕುರ್ಚಿ ಹಾಕಿಸಿಕೊಂಡು ತುಟಿ ನೆಕ್ಕಿಕೊಳ್ಳುತ್ತಾ ನೋಡುತ್ತಿದ್ದರು. ನಾನು ಕಿಟಕಿ ಹಾಕಿದರೆ ತೆಗಿ ಅನ್ನುತ್ತಿದ್ದರು.

ಹಿತ್ತಲಿಗೆ ಹುಚ್ಚು ಹಿಡಿಯಿತು. ಎಷ್ಟೋ ವರ್ಷದಿಂದ ಮಣ್ಣೊಳಗೆ ಸುಮ್ಮನಿದ್ದ ಗೆಡ್ಡೆಗಳು ಒಟ್ಟಿಗೆ ಎದ್ದವು. ಎಲೆಯಿಲ್ಲದ ಬರೀ ದಂಟಿನ ಮೇಲೆ ಚೆಂಡಿನಷ್ಟು ಕೆಂಪು ಹೂವು ಬಿಡುತ್ತದಲ್ಲ, ನಾವು ಮೇ ಹೂವು ಅನ್ನುವುದು, ಅದು ಗೋಡೆಯುದ್ದಕ್ಕೂ ನಿಂತಿತು. ಮಳೆ ನಿಂತ ಮರುದಿನವೇ ಗುಲಾಬಿ ಬಣ್ಣದ ಮಳೆಲಿಲ್ಲಿ. ಸುಗಂಧರಾಜ, ಕಾಕಡ, ದಾಸವಾಳ, ಕನಕಾಂಬರ, ನಂದಿಬಟ್ಟಲು, ಯಾವುದನ್ನು ಬಿಡಿಸುವುದು ಯಾವುದನ್ನು ಬಿಡುವುದು. ಓಣಿಯ ಹೆಂಗಸರು ಬುಟ್ಟಿ ಹಿಡಿದು ಬಂದರು, ಫೋನಿನಲ್ಲಿ ಫೋಟೋ ಹಿಡಿದರು, ನಿಮ್ಮ ಕೈಗುಣ ಅಂದರು. ಕೈಗುಣವಂತೆ. ಮಲ್ಲಿಗೆ ಮಾತ್ರ ಒಂದು ಮೊಗ್ಗೂ ಕೊಡಲಿಲ್ಲ. ಒಣಗಿಸುವುದಕ್ಕೆ ಮಳೆ ಪುರಸೊತ್ತು ಕೊಟ್ಟಿರಲಿಲ್ಲ. ಅದು ಬರೀ ಎಲೆ ಬಿಟ್ಟು, ಬಳ್ಳಿ ಚಾಚಿ, ಬುಡದಲ್ಲಿ ಕೊಳೆಯುತ್ತಾ ನಿಂತಿತ್ತು. ಅವರು ಒಂದು ಬೆಳಿಗ್ಗೆ ನನ್ನ ಭುಜ ಹಿಡಿದುಕೊಂಡು ಅಲ್ಲಿಗೆ ಬಂದು, ಊದಿದ ಕಾಲಲ್ಲಿ ಸ್ವಲ್ಪ ಹೊತ್ತು ನಿಂತು, ನೀರು ಜಾಸ್ತಿಯಾಯ್ತು ಇದಕ್ಕೂ ಅಂದರು.

ಆ ವಾರದಲ್ಲೇ ನಮ್ಮ ಅತ್ತಿಗೆ ದೇವಸಮುದ್ರದಿಂದ ಬಂದರು. ಅವರು ಯಜಮಾನರ ಅಕ್ಕ. ತಾಯಿ ಬೇಗ ಹೋದದ್ದರಿಂದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವರು. ಕುರಿ ಹಿಂದೆ ತಿರುಗಿ, ಮೈಲಿಗಟ್ಟಲೆ ದೂರದಿಂದ ಕೊಡ ಹೊತ್ತು ತಂದು, ಆ ಕೊಡದಿಂದಲೇ ದಾರಿಹೋಕರಿಗೂ ಕೊಟ್ಟ ಮನೆಯವರು. ಅವರ ಮನೆಗೆ ಯಾರೇ ಹೋಗಲಿ, ಯಾರು ಎಂದು ಕೇಳುವ ಮೊದಲು ಚೊಂಬು ಕೈಗೆ ಬರುತ್ತದೆ. ನಾನು ಡಾಕ್ಟರು ಹೇಳಿದ್ದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದೆ. ತಲೆಯಾಡಿಸಿದರು. ಆದರೆ ನಂಬಲಿಲ್ಲ. ಅವರ ಮನೆಯಲ್ಲಿ ಅರ್ಧ ಮಾತು ತೆಲುಗು. ಮಧ್ಯಾಹ್ನ ಊಟದ ಹೊತ್ತಿಗೆ ಯಜಮಾನರು ಬಾಟಲಿಯತ್ತ ಕೈಚಾಚಿದಾಗ ನಾನು ಅದನ್ನು ಎತ್ತಿ ಮೇಲಿಟ್ಟದ್ದು ನೋಡಿ ಅವರ ಮುಖ ಕಪ್ಪಿಟ್ಟಿತು.

"ಗುಕ್ಕೆಡು ನೀಳ್ಳು ಕೊಡೋಕೆ ಹಿಂಗೆ ಮಾಡ್ತೀಯಲ್ಲಮ್ಮ" ಅಂದರು. "ಕೇಳ್ದೋರಿಗೆ ನೀರಿಲ್ಲ ಅಂದ ಮನೆ ಅಲ್ಲ ನಮ್ದು. ಅದೂ ಕಟ್ಕೊಂಡ ಗಂಡನಿಗೆ."

ಒಂದು ಗುಟುಕು ನೀರಿಗೆ ಇಷ್ಟು ಮಾತು. ನಾನೂ ಸುಮ್ಮನಿರಲಿಲ್ಲ, ನಿಮ್ಮ ತಮ್ಮ ಉಳೀಬೇಕಾ ಬೇಡವಾ ಎಂದು ಒರಟಾಗಿಯೇ ಕೇಳಿದೆ. ಮರುದಿನ ನಾನು ರೇಷನ್ನಿಗೆ ಹೋಗಿದ್ದಾಗ ಅತ್ತಿಗೆ ಮಜ್ಜಿಗೆ ಕಡೆದು, ನೀರು ಬೆರೆಸಿ, ಉಪ್ಪು ಹಾಕಿ, ತಮ್ಮನಿಗೆ ಸಾಕು ಅನ್ನುವಷ್ಟು ಕೊಟ್ಟಿದ್ದಾರೆ. ಅದಾದ ಮೇಲೆ ನೀರು. ಸಂಜೆಯೂ ನಾನು ಹಿತ್ತಲಲ್ಲಿದ್ದಾಗ ಇನ್ನೊಂದು ಸಲ. ಕದ್ದು ಕೊಟ್ಟೆ ಅನ್ನುವುದು ಅವರ ಮನಸ್ಸಿನಲ್ಲಿ ಇರಲಿಲ್ಲ, ಮನೆ ಸೊಸೆ ಮರೆತ ಧರ್ಮವನ್ನು ತಾನು ಮಾಡಿದೆ ಎಂದೇ ಇತ್ತು.

ಬೆಳಗಾಗುವ ಹೊತ್ತಿಗೆ ಯಜಮಾನರಿಗೆ ಮಲಗಿದರೆ ಉಸಿರಿಲ್ಲ, ಕೂತರೆ ಉಸಿರಿಲ್ಲ. ಎದೆಯೊಳಗೆ ಗೊರಗೊರ ಎಂದು ನೀರಿನ ಸದ್ದು ನಮಗೇ ಕೇಳುತ್ತಿತ್ತು. ಕಾರು ಮಾಡಿಕೊಂಡು ದುರ್ಗಕ್ಕೆ ಓಡಿದೆವು. ಆಸ್ಪತ್ರೆಯವರು ಮಿಷನ್ನಿಗೆ ಹಾಕಿ, ಮೂಗಿಗೆ ಆಮ್ಲಜನಕ ಕೊಟ್ಟು, ಸಾಯಂಕಾಲಕ್ಕೆ ಜೀವ ಉಳಿಸಿಕೊಟ್ಟರು. ಅತ್ತಿಗೆ ಹೊರಗೆ ಗೋಡೆಗೆ ಒರಗಿ ಕೂತಿದ್ದರು. ಮಜ್ಜಿಗೆ ಕೊಟ್ಟದ್ದನ್ನು ತಾವಾಗಿಯೇ ಹೇಳಿದರು. "ನೀರಿಲ್ದೆ ಸತ್ತೋರ್ನ ನೋಡೀನಿ ನಾನು. ನೀರು ಕುಡಿದು ಸಾಯೋದು ಎಲ್ಲಾದ್ರೂ ಐತೇನಮ್ಮ?" ಎಂದು ಕೇಳಿದರು. ಜಗಳಕ್ಕೆ ಕೇಳಿದ್ದಲ್ಲ, ಗೊತ್ತಾಗದೆ ಕೇಳಿದ್ದು. ಬೈಯಬೇಕೆಂದು ಬಾಯಿ ತುಂಬ ಮಾತು ಇಟ್ಟುಕೊಂಡು ಬಂದವಳು ಅವರ ಪಕ್ಕದಲ್ಲೇ ಗೋಡೆಗೆ ಒರಗಿ ಕೂತೆ. ಅವರು ಬೆಳಿಗ್ಗೆಯಿಂದ ಒಂದು ಹನಿ ನೀರು ಬಾಯಿಗೆ ಹಾಕಿರಲಿಲ್ಲ. ಕೊಟ್ಟರೂ ಬೇಡ ಅಂದರು.

ಮನೆಗೆ ಕರೆದುಕೊಂಡು ಬಂದ ಮೇಲೆ ಅತ್ತಿಗೆ ನನಗಿಂತ ಕಟ್ಟುನಿಟ್ಟಾದರು. ಡ್ರಮ್ಮಿನ ಪಕ್ಕದಲ್ಲೇ ಚಾಪೆ ಹಾಸಿಕೊಂಡರು. ಯಜಮಾನರು ಮಾತ್ರ ನಗುವುದನ್ನು ಬಿಟ್ಟರು. ಹಿತ್ತಲ ಬಾಗಿಲಲ್ಲಿ ಕೂತು, ಮಳೆಗೆ ಉದುರಿ ಕೊಳೆಯುತ್ತಿದ್ದ ಹೂವನ್ನು ನೋಡುತ್ತಿದ್ದರು. ಅಕ್ಕ ಕೊಟ್ಟ ದಿನ ಮಜ್ಜಿಗೆ ಕುಡಿದದ್ದು ಸುಖವಾಗಿತ್ತು ಕಣೇ ಎಂದು ಒಮ್ಮೆ ಹೇಳಿದರು. ಮಿಷನ್ನಿಗೆ ಹೋಗಿ ಏನು ಸಿಗುತ್ತಿದೆ, ಇನ್ನೊಂದು ದಿನದ ಬಾಯಾರಿಕೆ ಸಿಗುತ್ತಿದೆ, ಅಷ್ಟೇ ಅಂದರು. ನಾನು ರೇಗಿದೆ, ಗೋಗರೆದೆ, ಊಟ ಬಿಟ್ಟೆ. ನಿಮಗೆ ಸುಖ, ನನಗೆ ಯಾರಿದ್ದಾರೆ ಎಂದು ಕೇಳಿದೆ.

ಮಿಷನ್ನಿಗೆ ಹೋಗಬೇಕಾದ ಬೆಳಿಗ್ಗೆ ಆಟೋ ಬಂದು ಬಾಗಿಲಲ್ಲಿ ನಿಂತಿತು. ನಾನು ಟವೆಲ್ಲು, ಬಿಸ್ಕತ್ತು, ಫೈಲು ಎಲ್ಲಾ ಚೀಲಕ್ಕೆ ಹಾಕಿದ್ದೆ. ಅವರು ಶರ್ಟು ಹಾಕಿಕೊಳ್ಳಲೇ ಇಲ್ಲ. ಅವನನ್ನು ಕಳಿಸಿಬಿಡು, ನಾನಿನ್ನು ಅಲ್ಲಿಗೆ ಬರಲ್ಲ ಅಂದರು. ಹೋಗದಿದ್ದರೆ ಏನಾಗುತ್ತದೆ ಎಂದು ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು, ಅವರಿಗೂ ಗೊತ್ತು, ನನಗೂ ಗೊತ್ತು. ಅತ್ತಿಗೆ ಬಂದು ತಮ್ಮನ ಗಡ್ಡ ಹಿಡಿದು ಬೇಡಿಕೊಂಡರು. ಯಜಮಾನರು ಬರೀ ತಲೆ ಅಲ್ಲಾಡಿಸಿದರು. ಆಟೋದವನು ಎರಡು ಸಲ ಹಾರನ್ ಹೊಡೆದ. ನಾನು ಹೊರಗೆ ಹೋಗಿ ಇವತ್ತು ಬೇಡಪ್ಪ ಎಂದು ಹೇಳಿ ಒಳಗೆ ಬಂದೆ.

"ಇವಳೇ, ನೀರು ಕೊಡು" ಅಂದರು. "ಆ ಬಾಟಲೀಲಿ ಬ್ಯಾಡ. ಚೊಂಬಲ್ಲಿ ಕೊಡು."

ಅತ್ತಿಗೆ ಡ್ರಮ್ಮಿನ ಪಕ್ಕದಿಂದ ಎದ್ದು ಗೋಡೆ ಕಡೆ ಮುಖ ಮಾಡಿ ನಿಂತರು. ನಾನು ಹಿತ್ತಾಳೆ ಚೊಂಬು ತೊಳೆದು, ಕುತ್ತಿಗೆವರೆಗೂ ತುಂಬಿ ಕೊಟ್ಟೆ. ಅವರಿಗೆ ಎತ್ತುವ ಶಕ್ತಿ ಇರಲಿಲ್ಲ, ತಳಕ್ಕೆ ನಾನೂ ಕೈ ಕೊಟ್ಟೆ. ಹೊಲದಿಂದ ಬಂದವರ ಹಾಗೆ, ಕಣ್ಣು ಮುಚ್ಚಿ, ಉಸಿರು ಬಿಡದೆ, ಗಟಗಟ ಕುಡಿದರು. ಗಡ್ಡದಿಂದ ಇಳಿದ ನೀರಿಗೆ ಬನಿಯನ್ ಪೂರ್ತಿ ಒದ್ದೆಯಾಯಿತು. ಚೊಂಬು ಖಾಲಿಯಾದ ಮೇಲೆ ಅಂಗೈಯಿಂದ ಬಾಯಿ ಒರೆಸಿಕೊಂಡು ನನ್ನ ಮುಖ ನೋಡಿದರು. ಎರಡು ವರ್ಷ ದಿನವೂ ಸಾಕು, ಸಾಕು ಎಂದು ಕಿತ್ತುಕೊಂಡವಳು ನಾನು.

"ಸಾಕೇನ್ರಿ?" ಎಂದು ಕೇಳಿದೆ.

"ಇನ್ನೊಂದು ಚೊಂಬು" ಅಂದರು. ತಂದುಕೊಟ್ಟೆ.