ಹಿಮಸಾಗರದಲ್ಲಿ ಒಣಗಿಸಿದ ಎರಡು ಚಿತ್ರಗಳು

ಮೇ ತಿಂಗಳ ಉರಿಬಿಸಿಲಿನಲ್ಲಿ ಮಂಗಳೂರಿನ ಪಣಂಬೂರು ಬಂದರಿನಿಂದ ನಮ್ಮ ಅದಿರಿನ ಹಡಗು ಹೊರಟಾಗ ನನ್ನ ಪೆಟ್ಟಿಗೆ ತುಂಬ ಸ್ವೆಟರುಗಳು. ಜೆಪ್ಪುವಿನ ನೆರೆಯವರು ನಕ್ಕಿದ್ದರು. ನನ್ನ ಗಂಡ ಹಡಗಿನ ರೇಡಿಯೊ ಅಧಿಕಾರಿ. ಹೆಂಡತಿಯರನ್ನೂ ಜೊತೆಗೆ ಕರೆದೊಯ್ಯಲು ಬಿಡುತ್ತಿದ್ದ ಎಂಬತ್ತರ ದಶಕ ಅದು. ಯುರೋಪಿನಲ್ಲಿ ಅದಿರು ಇಳಿಸಿ, ಕಲ್ಲಿದ್ದಲು ತರಲು ನಾರ್ವೆಗಿಂತಲೂ ಮೇಲಿರುವ ಸ್ವಾಲ್ಬಾರ್ಡ್ ದ್ವೀಪದತ್ತ ತಿರುಗಿದೆವು. ನನಗೋ ಹಿಗ್ಗೇ ಹಿಗ್ಗು!

ಸೂರ್ಯ ಮುಳುಗದ ಆ ಕಡಲಲ್ಲೂ ಹಡಗಿನ ಅಡುಗೆಯವ, ನಮ್ಮೂರ ಪಡೀಲ್‌ನ ವಾಸಣ್ಣ ದಿನಾ ನೀರುದೋಸೆ ಹೊಯ್ಯುತ್ತಿದ್ದ. ಒಂದು ಬೆಳಿಗ್ಗೆ ದೋಸೆ ಬರಲಿಲ್ಲ. ಹೊಟ್ಟೆ ಹಿಡಿದುಕೊಂಡು ಮಲಗಿದ್ದ. ಅಪೆಂಡಿಕ್ಸ್ ಇರಬೇಕೆಂದರು ಕ್ಯಾಪ್ಟನ್. ಆಸ್ಪತ್ರೆ ಇದ್ದದ್ದು ನಾವು ಹೊರಟಿದ್ದ ಕಲ್ಲಿದ್ದಲಿನ ಬಂದರಿನಲ್ಲಿ. ನಡುವೆ ಮಂಜುಗಡ್ಡೆ.

ದಾರಿ ತೋರಿಸಬೇಕಾದದ್ದು ಉಪಗ್ರಹ. ಧ್ರುವದಿಂದ ಧ್ರುವಕ್ಕೆ ಸುತ್ತುವ ಅದು ಮಂಗಳೂರಿನ ಮೇಲೆ ಅಪರೂಪಕ್ಕೆ ಹಾದರೆ, ಇಲ್ಲಿ ಸುತ್ತುಸುತ್ತಿಗೂ ಹಾಯುತ್ತದೆ. ಅದರ ಚಿತ್ರಗಳನ್ನು ದಡದ ಕೇಂದ್ರವೊಂದು ಒಂದೇ ಅಳತೆಯ ನಕ್ಷೆಗೆ ಹೊಂದಿಸಿ ರೇಡಿಯೊದಲ್ಲಿ ಕಳಿಸುತ್ತಿತ್ತು. ನಮ್ಮ ರೇಡಿಯೊ ಕೋಣೆಯ ಯಂತ್ರಕ್ಕೆ ಹಾಕುವ ಒದ್ದೆ ಕಾಗದದ ಮೇಲೆ ಚಿತ್ರ ಗೆರೆಗೆರೆಯಾಗಿ ಮೂಡುವುದನ್ನು ಮೊದಲ ಸಲ ಕಂಡಾಗ ನಾನು ಚಪ್ಪಾಳೆ ತಟ್ಟಿದ್ದೆ. ಆ ದಿನ ಮಾತ್ರ ಚಿತ್ರವೆಲ್ಲ ಬಿಳಿ. ಮೋಡವೂ ಬಿಳಿ, ಮಂಜುಗಡ್ಡೆಯೂ ಬಿಳಿ.

“ಇನ್ನೊಂದು ಚಿತ್ರ ಬರಲಿ. ಒಂದರ ಮೇಲೊಂದು ಇಟ್ಟು ನೋಡಿದರೆ ಜರುಗಿದ್ದು ಮೋಡ, ನಿಂತದ್ದು ಮಂಜುಗಡ್ಡೆ,” ಎಂದರು ಇವರು.

ಒದ್ದೆ ಕಾಗದ ಕಂಡ ಮಂಗಳೂರಿನ ಹೆಂಗಸು ಸುಮ್ಮನಿರುತ್ತಾಳೆಯೇ? ಮಳೆಗಾಲವಿಡೀ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದ ಕೈ ಇದು. ಚಿತ್ರವನ್ನು ಹೀಟರಿನ ಮೇಲೆ ಹರಡಿದೆ. ಎರಡನೆಯದು ಬರುವ ಹೊತ್ತಿಗೆ ಮೊದಲನೆಯದು ಗರಿಗರಿಯಾಗಿ ಒಣಗಿ ಕುಗ್ಗಿಹೋಗಿತ್ತು. ನಕ್ಷೆಯ ಗೆರೆಗಳು ಒಂದಕ್ಕೊಂದು ಕೂಡಲೇ ಇಲ್ಲ.

“ಎಂತ ಮಾಡಿದ್ದು ಮಾರಾಯ್ತಿ! ಈ ಕಾಗದ ಒಣಗಿದರೆ ಕುಗ್ತದೆ!”

ಪಕ್ಕದ ಕೋಣೆಯಲ್ಲಿ ವಾಸಣ್ಣ ನರಳುವುದು ಕೇಳುತ್ತಿತ್ತು.

“ಹಾಗಾದರೆ ಇದನ್ನೂ ಒಣಗಿಸುವ,” ಎಂದೆ. “ಹೀಟರ್ ಒಂದೇ ಅಲ್ವಾ? ಇದೂ ಅಷ್ಟೇ ಕುಗ್ತದೆ.”

ಕುಗ್ಗಿತು! ಕಿಟಕಿಯ ಬೆಳಕಿಗೆ ಎರಡನ್ನೂ ಹಿಡಿದಾಗ ಗೆರೆಗಳು ಕೂಡಿದವು. ಮೋಡ ಸರಿದ ಕಡೆ, ಕದಲದ ಬಿಳಿಯ ನಡುವೆ, ಬಂದರಿನವರೆಗೂ ಒಂದು ಕಪ್ಪು ಪಟ್ಟೆ. ತೆರೆದ ನೀರು! ಕ್ಯಾಪ್ಟನ್ ಹಡಗನ್ನು ಅತ್ತ ತಿರುಗಿಸಿದರು. ನಾನು ಕುಣಿದೇಬಿಟ್ಟೆ.

ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ ಬಂದರಿನಲ್ಲಿ ಆಪರೇಷನ್ ಮಾಡಿದ ಡಾಕ್ಟರು. ಕಲ್ಲಿದ್ದಲು ತುಂಬಿ ಮುಗಿಯುವಾಗ ವಾಸಣ್ಣ ಗಂಜಿ ಕುಡಿದು ಎದ್ದು ಕೂತಿದ್ದ. ಆ ಚಿತ್ರಗಳನ್ನು ನನ್ನಿಂದ ಕೇಳಿ ಪಡೆದ.

ಯುರೋಪಿನಲ್ಲಿ ಕಲ್ಲಿದ್ದಲು ಇಳಿಸಿ, ಗೊಬ್ಬರ ತುಂಬಿಕೊಂಡು ಪಣಂಬೂರಿಗೆ ಮರಳಿದಾಗ ಜಡಿಮಳೆ. ಕೊಡೆ ಹಿಡಿದು ಕಾಯುತ್ತಿದ್ದ ಹೆಂಡತಿಗೆ ವಾಸಣ್ಣ ಮೊದಲು ತೋರಿಸಿದ್ದೇ ಆ ಕಾಗದ.

“ನೋಡು, ಈ ಕಪ್ಪು ಗೆರೆಯಲ್ಲಿ ನಾನು ಬದುಕಿ ಬಂದದ್ದು.”

ಅವಳು ಬೆರಳಿನಿಂದ ಮೆಲ್ಲನೆ ಸವರಿದಳು. “ಕಾಗದ ಎಂತಕ್ಕೆ ಹೀಗೆ ಮುದುಡಿದ್ದು?”

ಅವನು ನನ್ನ ಕಡೆ ಕೈ ತೋರಿಸಿದ. “ಅಕ್ಕ ಒಣಗಿಸಿದ್ದು.”