ತಮ್ಮ ಸಹಿ ಹಾಕದ ಹಲಗೆ

ನನ್ನ ತಮ್ಮ ಸರ್ಫ್ ಬೋರ್ಡ್ ಮಾಡುತ್ತಾನೆ. ಬಂದವರ ಎತ್ತರ, ತೂಕ, ಯಾವ ಕಾಲು ಮುಂದಿಟ್ಟು ಅಲೆಯ ಮೇಲೆ ನಿಲ್ಲುತ್ತಾರೆ ಎಲ್ಲ ಕೇಳಿಕೊಂಡು, ಒಬ್ಬೊಬ್ಬರಿಗೆ ಒಂದೊಂದು ಹಲಗೆ. ಅವನ ಕೈಗೆ ಮೊದಲು ಕೀಸುಳಿ ಕೊಟ್ಟವನು ನಾನು. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುವುದಿಲ್ಲ.

ಹಲಗೆಯ ಒಳತಿರುಳಾದ ಹಗುರ ಫೋಮ್ ಕೆತ್ತುವ ಕೋಣೆ ಅವನದು. ಗೋಡೆಗೆಲ್ಲ ಕಡುನೀಲಿ ಬಣ್ಣ, ಸೊಂಟದ ಎತ್ತರಕ್ಕೆ ಎರಡೂ ಬದಿ ಟ್ಯೂಬ್‌ಲೈಟ್. ಆ ಓರೆ ಬೆಳಕಿನಲ್ಲಿ ಕೂದಲೆಳೆಯಷ್ಟು ಉಬ್ಬಿದ್ದರೂ ನೆರಳು ಬೀಳುತ್ತದೆ. ಅವನಿಗೆ ಆ ನೆರಳೂ ಬೇಡ. ಕಣ್ಣು ಮುಚ್ಚಿ ಅಂಗೈ ಆಡಿಸಿ "ಇಲ್ಲಿ" ಅನ್ನುತ್ತಾನೆ. ಅಲ್ಲೇ ಇರುತ್ತದೆ, ದರಿದ್ರದ್ದು. ಪಕ್ಕದ ಕೋಣೆ ನನ್ನದು. ಅವನು ಕೆತ್ತಿದ್ದಕ್ಕೆ ಗ್ಲಾಸ್ ಫೈಬರ್ ಬಟ್ಟೆ ಹೊದಿಸಿ, ರೆಸಿನ್ ಎಂಬ ಪಾರದರ್ಶಕ ಅಂಟು ಸುರಿದು ಗಟ್ಟಿ ಮಾಡುತ್ತೇನೆ. ಬಾಗಿಲಿಗೆ ಬಂದವರು ನನ್ನ ಮುಖ ಕಂಡ ಕೂಡಲೇ "ತಮ್ಮ ಇಲ್ವಾ?" ಅನ್ನುತ್ತಾರೆ. ಇಪ್ಪತ್ತು ವರ್ಷದಿಂದ ಇದೇ ಪಾಡು.

ಕೆತ್ತನೆ ಮುಗಿದ ಮೇಲೆ ಫೋಮ್ ಮೇಲೆ ಪೆನ್ಸಿಲಿನಲ್ಲಿ ಸಹಿ ಹಾಕುವುದು ನಮ್ಮ ಕಸುಬಿನ ರೂಢಿ. ಅದರ ಮೇಲೆ ರೆಸಿನ್ ಕೂತಿತೆಂದರೆ ಅಳಿಸಲಾಗದು. ಅಂದರೆ ಅವನ ಸಹಿಯನ್ನು ಪ್ರತಿ ಸಲ ನಾನೇ ಕೈಯಾರೆ ಕಾಪಾಡಿಕೊಡಬೇಕು. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಅದನ್ನೂ ನುಂಗಿಕೊಂಡಿದ್ದೆ. ಆದರೆ ಮೊನ್ನೆ ನನ್ನ ಮಗಳು ಮೊದಲ ಸ್ಪರ್ಧೆಗೆ ಹಲಗೆ ಬೇಕೆಂದು, ನನ್ನ ಕೋಣೆ ದಾಟಿಕೊಂಡು ಅವನ ಹತ್ತಿರ ಹೋದಳು.

"ಚಿಕ್ಕಪ್ಪ, ನಂಗೊಂದು ಮಾಡಿಕೊಡ್ತೀಯಾ?"

"ನಿಮ್ಮಪ್ಪನ್ನ ಕೇಳಿದ್ಯಾ?"

"ಅಪ್ಪಂಗೆ ಅಂಟು ಬಳಿಯೋ ಕೆಲಸ ಇದ್ಯಲ್ಲ."

ಅಂಟು ಬಳಿಯುವುದಂತೆ. ಹೆಗಲ ಮೇಲೆ ಹೊತ್ತು ಬೆಳೆಸಿದ ಮಗಳ ಮಾತು ಇದು.

ಶುಕ್ರವಾರ ಮಧ್ಯಾಹ್ನ ತಮ್ಮ ಊಟಕ್ಕೆ ಹೋಗಿದ್ದ. ಅವಳ ಹಲಗೆ ಸ್ಟ್ಯಾಂಡಿನ ಮೇಲಿತ್ತು, ಸಹಿ ಇರಲಿಲ್ಲ. ಮರೆತಿದ್ದಾನೆ ಅಂದುಕೊಂಡೆ. ಮರೆಯುವ ಆಸಾಮಿಯೇ ಅಲ್ಲ ಅವನು, ಆದರೆ ಆ ಗಳಿಗೆಯಲ್ಲಿ ಅದು ನನ್ನ ತಲೆಗೆ ಹೊಳೆಯಲಿಲ್ಲ. ಪೆನ್ಸಿಲ್ ತೆಗೆದು ನನ್ನ ಸಹಿ ಎಳೆದೆ. ನನ್ನ ಕೋಣೆಗೆ ಹೊತ್ತು ತಂದು ಬಟ್ಟೆ ಹೊದಿಸಿ, ಬೇಗ ಗಟ್ಟಿಯಾಗಲೆಂದು ಹಾರ್ಡನರ್ ನಾಲ್ಕು ಹನಿ ಜಾಸ್ತಿಯೇ ಬೆರೆಸಿ ರೆಸಿನ್ ಹರಡಿದೆ. ಅವನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಕಲ್ಲಾಗಿತ್ತು.

ಅವನು ಸಹಿ ನೋಡಿದ. ಆಮೇಲೆ ಹಿಂತುದಿಯ ಎಡ ಅಂಚಿನ ಮೇಲೆ ಅಂಗೈ ಆಡಿಸಿದ.

"ಅಣ್ಣಾ, ಈ ಕಡೆ ಇನ್ನೂ ಚೂರು ಕೆತ್ತೋದಿತ್ತು. ಮುಗಿದಿದ್ರೆ ನಾನು ಸಹಿ ಹಾಕ್ತಿರ್ಲಿಲ್ವಾ?"

ಭಾನುವಾರವೇ ಸ್ಪರ್ಧೆ. ಇನ್ನೊಂದು ಮಾಡಲು ಪುರುಸೊತ್ತಿರಲಿಲ್ಲ. ಮಗಳು ಸಹಿ ಓದಿ "ಅಪ್ಪಾ, ನೀನೇ ಮಾಡಿದ್ದಾ?" ಎಂದು ಕಣ್ಣರಳಿಸಿದಾಗ ಹ್ಞೂಂ ಅಂದುಬಿಟ್ಟೆ. ತಮ್ಮ ಅಲ್ಲೇ ಇದ್ದ, ಹಲಗೆ ಎತ್ತಿ ಅವಳ ಕೈಗೆ ಕೊಟ್ಟ.

ಭಾನುವಾರ ಅಲೆಯ ಮೇಲೆ ಅವಳು ಎಡಕ್ಕೆ ತಿರುಗಿಸಿದಾಗಲೆಲ್ಲ ಹಲಗೆ ಮೊಂಡು ಹಿಡಿಯಿತು. ಮೊದಲ ಸುತ್ತಿನಲ್ಲಿ ಮೂರು ಸಲ ಬಿದ್ದು ಸ್ಪರ್ಧೆಯಿಂದ ಹೊರಬಿದ್ದಳು. ನೀರು ಸುರಿಸಿಕೊಂಡು ದಡಕ್ಕೆ ಬಂದವಳು ನನ್ನ ಮುಖ ನೋಡಿದಳು. ಹೇಳಿಬಿಡೋಣ ಅಂತ ಬಾಯಿ ತೆರೆದೆ.

ತಮ್ಮ ಅಡ್ಡ ಬಂದ. "ಅದನ್ನ ಕೆತ್ತಿದ್ದು ನಾನೇ ಪುಟ್ಟಿ. ಎಡಗಡೆ ನಂದೇ ತಪ್ಪಾಯ್ತು."

"ಅದಕ್ಕೇ ಅಪ್ಪನ ಕೈಲಿ ಸಹಿ ಹಾಕ್ಸಿದ್ಯಾ, ಕಳ್ಳ?" ಅಂದು ಅಳುತ್ತಲೇ ನಕ್ಕು ಅವನ ಹೆಗಲಿಗೆ ತಲೆಯಿಟ್ಟಳು.

ತಪ್ಪು ನನ್ನದು. ಅದನ್ನಾದರೂ ಅವನು ನನಗೆ ಬಿಡಬಹುದಿತ್ತು.