ಪಿಕಪ್ಪಿನ ಎಂಟನೇ ಬೋಲ್ಟು

ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆದುಕೊಡುವ ಆ ಹೆಂಗಸನ್ನು ಬೀದಿಯವರೆಲ್ಲ ಲಾಂಡ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಒಂದೇ ಪಿಕಪ್ಪಿನಲ್ಲಿ ಮೂಟೆ ಹೇರಿಕೊಂಡು ತಿರುಗಿದವಳು. ಒದ್ದೆ ಮೂಟೆಗಳು ಸೋರಿ ಸೋರಿ ಗಾಡಿಯ ಹಿಂದಿನ ಬಾಡಿ ತುಕ್ಕು ಹಿಡಿದಿತ್ತು. ಒಂದು ಬೆಳಿಗ್ಗೆ ಹಿಂಬಾಗಿಲು ತೆಗೆಯಲು ಹೋದರೆ ಬಾಗಿಲೇ ಕೈಗೆ ಬಂತು.

ಬಾಡಿ ಬಿಚ್ಚಿ ಹೊಸದು ಕೂರಿಸಬೇಕು. ಆದರೆ ಅದನ್ನು ಗಾಡಿಯ ಅಡಿಯ ಚೌಕಟ್ಟಿಗೆ, ಅಂದರೆ ಚಾಸಿಗೆ, ಹಿಡಿದಿದ್ದ ಎಂಟು ಬೋಲ್ಟುಗಳ ತಲೆಗಳು ಕಾಣುವಂತಿರಲಿಲ್ಲ. ತೀರಿಹೋದ ಅವಳ ತಮ್ಮ ಹಿಂದೊಮ್ಮೆ ತಳಕ್ಕೆಲ್ಲ ದಪ್ಪ ತಗಡು ಹಾಸಿ, ಸುತ್ತ ವೆಲ್ಡಿಂಗ್ ಮಾಡಿಬಿಟ್ಟಿದ್ದ. ಕೆಳಗಿನಿಂದ ನಟ್ಟು ತಿರುಗಿಸಿದರೆ ಮೇಲೆ ಹಿಡಿಯುವವರಿಲ್ಲದೆ ಬೋಲ್ಟೂ ಜೊತೆಗೇ ಗಿರಗಿರ ಸುತ್ತುತ್ತಿತ್ತು. ಎರಡು ಗ್ಯಾರೇಜಿನವರು, ಗ್ಯಾಸಿನಲ್ಲಿ ಕೊಯ್ಯೋದೇ ದಾರಿ ಎಂದು ಕೈತೊಳೆದುಕೊಂಡರು. ಮೂರನೆಯವನು ನಿಧಾನಪ್ಪ. ಎಪ್ಪತ್ತು ದಾಟಿದ ಮೇಸ್ತ್ರಿ. ಕೆಲಸದಲ್ಲಿ ಅವಸರವೆಂಬುದೇ ಇಲ್ಲದ್ದಕ್ಕೆ ಊರು ಇಟ್ಟ ಹೆಸರು ಅದು.

"ಕೆಳಗೆ ಡೀಸೆಲ್ ಟ್ಯಾಂಕ್ ಇದೆ, ಬೆಂಕಿ ಬೇಡಮ್ಮ," ಎಂದ. "ತಲೆ ಎಲ್ಲಿದೆ ಅಂತ ಗೊತ್ತಾದ್ರೆ ಸಾಕು, ಅಲ್ಲಲ್ಲೇ ಡ್ರಿಲ್ ಹಾಕಿ ಕಿಂಡಿ ಮಾಡ್ತೀನಿ. ನಾನು ಕೆಳಗಿಂದ ಬಡೀತೀನಿ. ಮೇಲೆ ಯಾರಾದ್ರೂ ಕಿವಿಯಿಟ್ಟು ಕೇಳ್ಬೇಕು, ಸಣ್ಣ ಸದ್ದಿಗೆ ನನ್ನ ಕಿವಿ ಕೈಕೊಟ್ಟಿದೆ."

"ನನ್ನ ಕಿವಿ ನೆಟ್ಟಗಿದೆ ಮೇಸ್ತ್ರೀ," ಎಂದು ಅವಳು ಸೆರಗು ಸಿಕ್ಕಿಸಿಕೊಂಡು ಗಾಡಿ ಹತ್ತಿದಳು.

ಬಿಸಿಲಿಗೆ ಕಾದ ತಗಡಿನ ಮೇಲೆ ಟವೆಲು ಹಾಸಿ ಬೋರಲು ಮಲಗಿದಳು. ಕೆಳಗಿನಿಂದ ಟಣ್ ಎಂದರೆ ಕಿವಿ ಸರಿಸುತ್ತ ಸರಿಸುತ್ತ ಸದ್ದು ಜೋರಾದಲ್ಲಿ ಬಟ್ಟೆಗೆ ಗುರುತು ಹಾಕುವ ಪೆನ್ನಿನಿಂದ ಚುಕ್ಕೆ ಇಡುತ್ತಿದ್ದಳು. ಮಧ್ಯಾಹ್ನದೊಳಗೆ ಏಳು ಬೋಲ್ಟು ಕಿತ್ತು ಬಂದವು. ಎಂಟನೆಯದು ಮಾತ್ರ ಸತಾಯಿಸಿತು.

"ಕೇಳ್ತಾ?"

"ಇಲ್ಲ!"

"ಈಗ?"

"ದೊಪ್ ಅಂತು. ಎಲ್ಲಿ ಅಂತ ಗೊತ್ತಾಗ್ತಿಲ್ಲ."

ಅವಳಿಗೆ ತಮ್ಮನ ಮೇಲೆ ರೇಗಿತು. "ಪುಣ್ಯಾತ್ಮ, ಎಲ್ಲದ್ರಲ್ಲೂ ಅತಿ ಮಾಡ್ತಿದ್ದ," ಎಂದು ಗೊಣಗುತ್ತಿದ್ದವಳು ಥಟ್ಟನೆ ಎದ್ದು ಕೂತಳು. ಡ್ರೈವರ್ ಸೀಟಿನ ಹಿಂದಿನ ಮೂಲೆ ಸೋರುತ್ತಿದ್ದಾಗ ಅವನು ತಗಡಿನಡಿ ಡಾಂಬರು ಸುರಿದಿದ್ದು ನೆನಪಾಗಿತ್ತು. ಸದ್ದು ಸತ್ತಿದ್ದು ಅದಕ್ಕೇ. ಅಲ್ಲೇ ಕಿಂಡಿ ಕೊರೆದು ಕೆದಕಿದರೆ, ಕಪ್ಪು ಮೆತ್ತನೆಯ ಡಾಂಬರಿನೊಳಗೆ ಬೋಲ್ಟಿನ ತಲೆ ತುಕ್ಕಿನ ಸುಳಿವಿಲ್ಲದೆ ಕೂತಿತ್ತು.

ಅದೂ ಬಿಚ್ಚಿ ಬಂತು. ಬಾಡಿ ಎತ್ತುವ ಹೊತ್ತಿಗೆ ಇನ್ನೊಂದು ತೊಡಕು. ಸರಪಳಿ ರಾಟೆ ಸಿಕ್ಕಿಸಿದ ಕಡೆಯೆಲ್ಲ ಬಾಡಿ ಪುಡಿಪುಡಿಯಾಗಿ ಉದುರಿತು. ಅಕ್ಕ ಫೋನು ತೆಗೆದಳು. ಹತ್ತೇ ನಿಮಿಷದಲ್ಲಿ ಅವಳ ಲಾಂಡ್ರಿಯ ಆರು ಹೆಂಗಸರು ಒದ್ದೆ ಕೈಗಳಲ್ಲೇ ಬಂದು ನಿಂತರು. ನಿಧಾನಪ್ಪ ಅನುಮಾನದಿಂದ ನೋಡಿದ.

"ದಿನಾ ನೆಂದ ಕಂಬಳಿ ಹಿಂಡ್ತೀವಿ ಅಜ್ಜಾ, ಇದೇನು ಮಹಾ," ಎಂದಳು ಒಬ್ಬಳು. ಒಂದು, ಎರಡು, ಮೂರು ಎನ್ನುವಷ್ಟರಲ್ಲಿ ಬಾಡಿ ಮೇಲೆದ್ದು ಪಕ್ಕದ ಖಾಲಿ ಡ್ರಮ್ಮುಗಳ ಮೇಲೆ ಕೂತಿತ್ತು. ಆಮೇಲೆ ಎಲ್ಲರೂ ಸೊಂಟ ಹಿಡಿದುಕೊಂಡು ಬಿದ್ದುಬಿದ್ದು ನಕ್ಕರು.

ನಿಧಾನಪ್ಪ ಬತ್ತಲಾದ ಚಾಸಿಯ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಇನ್ನೊಂದು ಕೈಯಲ್ಲಿ ಅದರ ಅದುರು ನೋಡುತ್ತ ಹೋದ.

"ಚಾಸಿ ಕಲ್ಲಿನ ಹಾಗಿದೆ. ಯಾರಮ್ಮ ಆ ತಗಡು ಹಾಕಿದ್ದು? ನೀರು ಕೆಳಗಿಳಿಯೋಕೆ ಬಿಟ್ಟಿಲ್ಲ. ಇಲ್ದಿದ್ರೆ ಇಷ್ಟೊತ್ತಿಗೆ ಗಾಡೀನೇ ಗುಜರಿ."

"ನನ್ನ ತಮ್ಮ," ಎಂದಳು ಅವಳು. ಮಧ್ಯಾಹ್ನ ಅವನನ್ನು ಬೈದದ್ದು ನೆನಪಾಯಿತು. ಎರಡು ಕೈಯನ್ನೂ ಚಾಸಿಯ ಮೇಲಿಟ್ಟು ಮೂಲೆಯವರೆಗೂ ಸವರಿದಳು. ಹೆಂಗಸರು ಗೇಟಿನ ಬಳಿ ಕಾದರು.

ವಾರದಲ್ಲಿ ಹೊಸ ಬಾಡಿ ಕೂತಿತು. ಗಾಡಿ ಒಯ್ಯಲು ಬಂದ ದಿನ ಅಕ್ಕ ಮೇಸ್ತ್ರಿಯ ಗೂಟದ ಮೇಲಿದ್ದ ಎಣ್ಣೆಜಿಡ್ಡಿನ ಅಂಗಿ-ಪ್ಯಾಂಟುಗಳನ್ನೆಲ್ಲ, ಅವನು ಬೇಡಬೇಡವೆಂದರೂ ಕೇಳದೆ, ಬಾಚಿಕೊಂಡು ಹೋದಳು. ಮೂರು ಸಲ ಕುದಿಸಿ, ಒಗೆದು, ಇಸ್ತ್ರಿ ಹಾಕಿ ತಂದುಕೊಟ್ಟಳು. ಕಲೆ ಪೂರ್ತಿ ಹೋಗಿರಲಿಲ್ಲ. ನಿಧಾನಪ್ಪ ಅವತ್ತು ಇಸ್ತ್ರಿಯ ಗೆರೆ ಕೆಡಬಾರದೆಂದು ಗಾಡಿಯಡಿ ಮಲಗಲೇ ಇಲ್ಲವಂತೆ.